ಮೊರಾರ್ಜಿ ಹೆಸರಿನ ಶಾಲೆ, ಮೊರಾರ್ಜಿ ಕಾಲದ ಪರ್ಮಿಟ್

ನಮ್ಮ ಕಡೆ ಮೊರಾರ್ಜಿ ಎಂದರೆ ಮನುಷ್ಯನಲ್ಲ, ಶಾಲೆ. ವಿಜಯಪುರ, ಕಲಬುರಗಿ, ಬಾಗಲಕೋಟೆ ಸೀಮೆಯ ಹಳ್ಳಿಯಲ್ಲಿ ಯಾರ ಮಗನೋ ಮೊರಾರ್ಜಿಗೆ ಆಯ್ಕೆಯಾದ ಎಂದರೆ ಐದು ವರ್ಷ ಅವನ ಊಟ, ವಸತಿ, ಪುಸ್ತಕದ ಚಿಂತೆ ತೀರಿತು ಎಂದೇ ಅರ್ಥ. ನಾನೂ ಪ್ರವೇಶ ಪರೀಕ್ಷೆ ಬರೆದು ಆರನೇ ಇಯತ್ತೆಯಿಂದ ಹತ್ತರವರೆಗೆ ಅಂಥದೊಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದವನು. ಮುಂದೆ ಎಂ.ಟೆಕ್ ಆಯಿತು, ಈಗ ಒಂಬತ್ತು ವರ್ಷದಿಂದ ನವಿ ಮುಂಬೈನ ಕೋಪರಖೈರಣೆಯಲ್ಲಿ ಮನೆ, ಮಹಾಪೆಯಲ್ಲಿ ಕೆಲಸ. ಶಾಲೆಯ ಆಫೀಸಿನ ಗೋಡೆಯ ಮೇಲೆ ಗಾಂಧಿ ಟೋಪಿಯ ಹಿರಿಯರೊಬ್ಬರ ಫೋಟೊ ಇತ್ತು. ಅವರು ಪ್ರಧಾನಿಯಾಗಿದ್ದರು, ಫೆಬ್ರವರಿ 29ಕ್ಕೆ ಹುಟ್ಟಿದ್ದರು. ಹುಡುಗರಾದ ನಮಗೆ ಗೊತ್ತಿದ್ದುದು ಇಷ್ಟೇ. ನಾಲ್ಕು ವರ್ಷಕ್ಕೊಮ್ಮೆ ಬರುವ ಹುಟ್ಟುಹಬ್ಬ ನಮಗೆ ದೊಡ್ಡ ತಮಾಷೆಯ ಸಂಗತಿಯಾಗಿತ್ತು.

ಈ ಊರಿಗೆ ಬಂದ ಮೇಲೆ ಅದೇ ಹೆಸರಿಗೆ ಬೇರೆ ಅರ್ಥಗಳಿರುವುದು ತಿಳಿಯಿತು. ಮರಾಠಿ ಸಹೋದ್ಯೋಗಿಗಳ ಅಜ್ಜ ಅಜ್ಜಿಯರಿಗೆ ಮೊರಾರ್ಜಿ ಎಂದರೆ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಮೇಲೆ ನಡೆದ ಗೋಲಿಬಾರು. ಹುತಾತ್ಮ ಚೌಕದ ಸ್ಮಾರಕದ ಮುಂದೆ ನಿಂತವರು ಆ ಹೆಸರನ್ನು ಗೌರವದಿಂದ ಹೇಳುವುದನ್ನು ನಾನು ಕೇಳಿಲ್ಲ. ಇನ್ನೊಂದು ಅರ್ಥ ಸಿಕ್ಕಿದ್ದು ನಮ್ಮ ಸೆಕ್ಟರಿನ ವೈನ್ ಶಾಪಿನ ಗೋಡೆಯ ಮೇಲೆ. ಮಹಾರಾಷ್ಟ್ರದಲ್ಲಿ ಇಂದಿಗೂ ಮದ್ಯ ಕೊಳ್ಳಲು, ಇಟ್ಟುಕೊಳ್ಳಲು, ಕುಡಿಯಲು ಕಾನೂನಿನ ಪ್ರಕಾರ ಪರ್ಮಿಟ್ ಬೇಕು. ಒಂದು ದಿನದ್ದಿದೆ, ಒಂದು ವರ್ಷದ್ದಿದೆ, ಜೀವಮಾನದ್ದೂ ಇದೆ. ಆ ಪರ್ಮಿಟ್ಟಿನ ಹಳೆಯ ಒಕ್ಕಣೆಯ ಪ್ರಕಾರ ನೀವು ಕುಡಿಯುವುದು ಖುಷಿಗಲ್ಲ, ಆರೋಗ್ಯ ಕಾಪಾಡಿಕೊಳ್ಳಲು. ಶನಿವಾರ ಸಂಜೆ ಕೌಂಟರಿನಲ್ಲಿ ನೂಕುನುಗ್ಗಲು ಮಾಡುವ ಜನರೆಲ್ಲ ಕಾಗದದ ಮೇಲೆ ರೋಗಿಗಳು. ಈ ವಿಚಿತ್ರದ ಬೇರು 1949ರ ಬಾಂಬೆ ಪಾನನಿಷೇಧ ಕಾಯ್ದೆಯಲ್ಲಿದೆ. ಅದು ಬಂದಾಗ ಮುಂಬೈ ಪ್ರಾಂತ್ಯದ ಗೃಹಮಂತ್ರಿ ಮೊರಾರ್ಜಿ ದೇಸಾಯಿ. ನನ್ನ ಶಾಲೆಯ ಹೆಸರಿನ ಮನುಷ್ಯನ ಬದುಕನ್ನು ನಾನು ಓದತೊಡಗಿದ್ದು ಹೀಗೆ.

ಅವರು ಹುಟ್ಟಿದ್ದು 1896ರಲ್ಲಿ, ಗುಜರಾತಿನ ವಲಸಾಡ ಹತ್ತಿರದ ಭದೇಲಿಯಲ್ಲಿ. ತಂದೆ ರಣಛೋಡಜಿ ಶಾಲಾ ಮಾಸ್ತರರು. ಮನೋವ್ಯಾಕುಲಕ್ಕೆ ಸಿಕ್ಕಿದ ಆ ಮನುಷ್ಯ, ಮಗನ ಮದುವೆಗೆ ಮೂರು ದಿನ ಇರುವಾಗ ಬಾವಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಹುಡುಗನಿಗೆ ಆಗ ಹದಿನೈದು. ಮದುವೆ ನಿಲ್ಲಲಿಲ್ಲ. ಗಂಡ ಹೆಂಡತಿಯಾದ ಮಕ್ಕಳಿಬ್ಬರ ಜತೆಗೆ ಇಡೀ ಸಂಸಾರದ ಭಾರ ಹಿರಿಯ ಮಗನ ಹೆಗಲಿಗೆ ಬಂತು. ಆ ಕಾಲದ ದಂಡಸಂಹಿತೆಯಲ್ಲಿ ಆತ್ಮಹತ್ಯೆಯ ಪ್ರಯತ್ನವೂ ಅಪರಾಧ. ಬಾವಿಯಿಂದ ಜೀವಂತ ಮೇಲೆತ್ತಿದ್ದರೆ ಮಾಸ್ತರರ ಮೇಲೆ ಕೇಸು ಹಾಕಬಹುದಿತ್ತು! ನೊಂದ ಮನಸ್ಸಿಗೆ ಕಾಯ್ದೆ ಕೊಡುತ್ತಿದ್ದ ಉತ್ತರ ಅದು. ಮೊರಾರ್ಜಿಯವರ ಮುಂದಿನ ಬಿಗಿತಕ್ಕೆ, ಮನಸ್ಸನ್ನು ಹಿಡಿತದಲ್ಲಿಡಬೇಕೆಂಬ ಹಟಕ್ಕೆ ಈ ಬಾವಿಯೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಅವರ ಜೀವನ ಓದುವಾಗ ಆ ಬಾವಿ ನನ್ನ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಮ್ಯಾಟ್ರಿಕ್ ಮುಗಿಸಿ ಮುಂಬೈಗೆ ಬಂದರು. ವಿಲ್ಸನ್ ಕಾಲೇಜಿನಲ್ಲಿ ಓದು, ಗೋಕುಲದಾಸ್ ತೇಜಪಾಲ್ ಹೆಸರಿನ ಧರ್ಮಾರ್ಥ ಬೋರ್ಡಿಂಗಿನಲ್ಲಿ ಊಟ ವಸತಿ. ಇದನ್ನು ಓದಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಬಡ ಹುಡುಗರ ಪುಕ್ಕಟೆ ವಸತಿಯಲ್ಲಿ ಉಂಡು ಬೆಳೆದವರ ಹೆಸರನ್ನೇ ಕರ್ನಾಟಕ ಸರ್ಕಾರ 1990ರ ದಶಕದಲ್ಲಿ ನಮ್ಮಂಥವರ ವಸತಿ ಶಾಲೆಗಳಿಗೆ ಇಟ್ಟಿತಲ್ಲ! ಆಗ ಇದ್ದದ್ದು ಜನತಾದಳದ ಸರ್ಕಾರ, ಅವರಿಗೆ ಮೊರಾರ್ಜಿ ಹಿರಿಯರು. ಬೋರ್ಡಿಂಗಿನ ಸಂಗತಿ ಯೋಚಿಸಿ ಇಟ್ಟ ಹೆಸರಾಗಿರಲಿಕ್ಕಿಲ್ಲ, ಆದರೂ ಹೊಂದಿಕೊಂಡಿತು.

1918ರಲ್ಲಿ ಪ್ರಾಂತೀಯ ಸಿವಿಲ್ ಸೇವೆ ಸೇರಿ ಹನ್ನೆರಡು ವರ್ಷ ಡೆಪ್ಯೂಟಿ ಕಲೆಕ್ಟರರಾಗಿ ದುಡಿದರು. ಕೊನೆಯಲ್ಲಿ ಗೋಧ್ರಾದಲ್ಲಿದ್ದಾಗ ಅಲ್ಲಿ ನಡೆದ ಹಿಂದೂ ಮುಸ್ಲಿಂ ಗಲಭೆಯನ್ನು ನಿಭಾಯಿಸುವಲ್ಲಿ ಹಿಂದೂಗಳ ಬಗ್ಗೆ ಮೆದುವಾದರೆಂಬ ಆಪಾದನೆ ಬಂತು. ಮೇಲಧಿಕಾರಿಗಳ ತೀರ್ಮಾನವೂ ಅವರ ವಿರುದ್ಧವೇ ಆಯಿತು. ಅವರು ಅದನ್ನು ಎಂದೂ ಒಪ್ಪಿಕೊಳ್ಳಲಿಲ್ಲ. 1930ರಲ್ಲಿ ರಾಜೀನಾಮೆ ಕೊಟ್ಟು ಗಾಂಧೀಜಿಯ ಚಳವಳಿಗೆ ಧುಮುಕಿದರು. ಇಂದಿನ ನಮ್ಮ ಕಂಪನಿಗಳ ಭಾಷೆಯಲ್ಲಿ ಹೇಳುವುದಾದರೆ, ಮೊರಾರ್ಜಿಯವರ ಸರ್ವಿಸ್ ರೆಕಾರ್ಡಿನಲ್ಲೇ ಒಂದು ಕೆಂಪು ಗೆರೆ ಇತ್ತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲಿನದು ಜೈಲುಗಳ ಕಾಲ. ಕಾನೂನುಭಂಗ ಚಳವಳಿಯಲ್ಲಿ ಜೈಲು, ವೈಯಕ್ತಿಕ ಸತ್ಯಾಗ್ರಹದಲ್ಲಿ ಜೈಲು, 1942ರ ಆಗಸ್ಟಿನಲ್ಲಿ ಒಳಹೋದವರು ಹೊರಬಂದದ್ದು 1945ರಲ್ಲಿ. ನಡುವೆ 1937ರಿಂದ ಎರಡು ವರ್ಷ ಬಿ.ಜಿ. ಖೇರ್ ಅವರ ಸರ್ಕಾರದಲ್ಲಿ ಕಂದಾಯ ಮಂತ್ರಿ. ಪಾನನಿಷೇಧದ ಮೊದಲ ಪ್ರಯೋಗವೂ ಆ ಸರ್ಕಾರದ್ದೇ. 1939ರ ಆಗಸ್ಟ್ 1ರಂದು ಮುಂಬೈ ನಗರದಲ್ಲಿ ಅದು ಜಾರಿಗೆ ಬಂತು. ಅದನ್ನು ಮುಂದೆ ನಿಂತು ತಂದವರು ಮಂತ್ರಿ ಡಾ. ಗಿಲ್ಡರ್. ಅವರು ಪಾರ್ಸಿ, ವಿರೋಧಿಸಿದವರಲ್ಲಿ ಮುಂದಿದ್ದವರೂ ಪಾರ್ಸಿಗಳೇ, ಏಕೆಂದರೆ ಹೆಂಡದಂಗಡಿ, ಸಾರಾಯಿ ವ್ಯಾಪಾರದಲ್ಲಿ ಅವರ ಪಾಲು ದೊಡ್ಡದಿತ್ತು. ಕೆಲವೇ ತಿಂಗಳಲ್ಲಿ ಯುದ್ಧದ ಕಾರಣಕ್ಕೆ ಕಾಂಗ್ರೆಸ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು, ಪ್ರಯೋಗ ಕುಂಟಿತು.

1946ರಲ್ಲಿ ಮತ್ತೆ ಖೇರ್ ಸರ್ಕಾರ, ಈ ಸಲ ಮೊರಾರ್ಜಿ ಗೃಹಮಂತ್ರಿ. 1949ರ ಕಾಯ್ದೆ ಹಳೆಯ ಪ್ರಯೋಗದಂತೆ ಅರೆಬರೆಯಲ್ಲ. ತಯಾರಿಸುವುದು, ಮಾರುವುದು ಸರಿಯೇ. ಇಟ್ಟುಕೊಳ್ಳುವುದೂ ಕುಡಿಯುವುದೂ ಅಪರಾಧ. ಅಫೀಮು, ಗಾಂಜಾ, ಭಂಗಿಗಳಿಗೂ ಅದರಲ್ಲಿ ಕಲಮುಗಳಿದ್ದವು. 1950ರ ಏಪ್ರಿಲ್‌ನಿಂದ ಇಡೀ ಮುಂಬೈ ರಾಜ್ಯದಲ್ಲಿ ಪೂರ್ಣ ಪಾನನಿಷೇಧ. ಇಡೀ ರಾಜ್ಯ ಎಂದರೆ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರವೂ ಸೇರಿ. 1956ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ನಮ್ಮ ಅಜ್ಜಂದಿರ ಕಾಲದ ಆ ನಾಲ್ಕು ಜಿಲ್ಲೆಗಳನ್ನು ಆಳಿದ್ದು ಇದೇ ಕಾಯ್ದೆ, ಇದೇ ಮೊರಾರ್ಜಿ. 1952ರಿಂದ ಅವರೇ ಮುಖ್ಯಮಂತ್ರಿ.

ಕಾಯ್ದೆ ಬಂದ ಕೂಡಲೇ ಕೋರ್ಟಿಗೂ ಹೋಯಿತು. ಎಫ್.ಎನ್. ಬಾಲ್ಸಾರಾ ಎಂಬ ಪಾರ್ಸಿ ಗೃಹಸ್ಥರು, ವಿಸ್ಕಿ ಬ್ರಾಂದಿಯಿಂದ ಹಿಡಿದು ಔಷಧದ ವೈನು, ಯೂಡಿಕೊಲೋನ್‌ವರೆಗೆ ತಮಗೆ ಇಟ್ಟುಕೊಳ್ಳುವ ಹಕ್ಕಿದೆ ಎಂದು ವಾದಿಸಿದರು. 1951ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿದು, ಔಷಧ ಮತ್ತು ಸುಗಂಧದ್ರವ್ಯಗಳನ್ನು ಮಾತ್ರ ಅದರ ಹಿಡಿತದಿಂದ ಬಿಡಿಸಿತು. ಅಲ್ಲಿಂದ ಶುರುವಾಯಿತು ಬಾಯಿವಾಸನೆಯ ನ್ಯಾಯಶಾಸ್ತ್ರ. ಪೆಸಿಕಾಕಾ ಎಂಬವರ ಜೀಪು ಅಪಘಾತವಾದಾಗ ಬಾಯಿಯಿಂದ ಮದ್ಯದ ವಾಸನೆ ಬಂತು. ತಾನು ಕುಡಿದದ್ದು ಟಾನಿಕ್ ಎಂದರು ಅವರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1954ರಲ್ಲಿ ಬಿಡುಗಡೆಯಾದರು, ಏಕೆಂದರೆ ವಾಸನೆ ಟಾನಿಕ್ಕಿನದಲ್ಲ ಎಂದು ತೋರಿಸುವ ಹೊಣೆ ಪೊಲೀಸರದಾಯಿತು. ಕೊನೆಗೆ ಕಾಯ್ದೆಗೆ ತಿದ್ದುಪಡಿ ತಂದು ರಕ್ತದಲ್ಲಿ ಶೇ 0.05 ಎಂಬ ಲೆಕ್ಕ ಸೇರಿಸಬೇಕಾಯಿತು. ಒಳ್ಳೆಯ ವಕೀಲರಿದ್ದವರಿಗೆ ಟಾನಿಕ್ ಇತ್ತು. ವಯಸ್ಸೂ ಡಾಕ್ಟರ ಚೀಟಿಯೂ ಇದ್ದವರಿಗೆ ಆರೋಗ್ಯದ ಪರ್ಮಿಟ್ ಇತ್ತು. ವಿದೇಶಿಯರಿಗೆ ಬೇರೆ ಪರ್ಮಿಟ್, ಸೈನಿಕರ ಕ್ಯಾಂಟೀನಿಗೆ ವಿನಾಯಿತಿ. ಗಿರಣಿಯ ಬದಲಿಪಾಳಿ ಮುಗಿಸಿ ಬರುವ ರತ್ನಾಗಿರಿಯವನಿಗೆ, ಬಂದರಿನಲ್ಲಿ ಮೂಟೆ ಹೊರುವ ನಮ್ಮ ಕಡೆಯವನಿಗೆ ಏನಿತ್ತು? ಗಲ್ಲಿಯಲ್ಲಿ ಆಂಟಿಯ ಅಡ್ಡಾ ಇತ್ತು, ಬೆಲ್ಲ ನವಸಾಗರ ಕೊಳೆಸಿ ಇಳಿಸಿದ ಕಳ್ಳಭಟ್ಟಿ ಇತ್ತು, ಹಿಂಬಾಗಿಲಲ್ಲಿ ಹಫ್ತಾಕ್ಕೆ ಕಾದ ಹವಾಲ್ದಾರ ಇದ್ದ. ತಮಿಳುನಾಡಿನಿಂದ ಬಂದು ವಿ.ಟಿ. ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದ ವರದರಾಜನ್ ಮುದಲಿಯಾರ್ ಮುಂದೆ ಧಾರಾವಿ, ಮಾಟುಂಗಾದ ದೊರೆಯಾದದ್ದು ಈ ಭಟ್ಟಿಯ ದುಡ್ಡಿನಿಂದಲೇ.

ಇನ್ನೂ ಒಂದು ಸಂಗತಿ ಇದೆ, ಈ ಕಥೆಯಲ್ಲಿ ನನಗೆ ಬಹಳ ಕಾಡಿದ್ದು. ಅದೇ 1949ರಲ್ಲಿ ಅದೇ ಮುಂಬೈ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು ತನ್ನ ಪ್ರಾಂತ್ಯದಲ್ಲಿ ರದ್ದು ಮಾಡಿತು. ಹುಟ್ಟಿನಿಂದಲೇ ಕಳ್ಳರೆಂದು ಬರೆಸಿಕೊಂಡು ತಂತಿಬೇಲಿಯೊಳಗೆ ದಿನಾ ಹಾಜರಿ ಕೊಡುತ್ತಿದ್ದ ಸಮುದಾಯಗಳು ಬಿಡುಗಡೆ ಹೊಂದಿದವು. ದೊಡ್ಡ ಬೇಲಿ ಇದ್ದದ್ದು ಸೊಲ್ಲಾಪುರದಲ್ಲಿ. ನಮ್ಮ ಹುಬ್ಬಳ್ಳಿಯಲ್ಲೂ ಇತ್ತು, ಸೆಟ್ಲ್‌ಮೆಂಟ್ ಎಂಬ ಹೆಸರು ಆ ಬಡಾವಣೆಗೆ ಇನ್ನೂ ಅಂಟಿಕೊಂಡಿದೆ. ಒಂದು ಕೈಯಿಂದ ಸರ್ಕಾರ ಆ ಹಣೆಪಟ್ಟಿ ಕಿತ್ತಿತು. ಭೂಮಿ ಇಲ್ಲ, ಕೆಲಸ ಕೊಡುವವರಿಲ್ಲ. ಆ ಜನರಲ್ಲಿ ಹಲವರಿಗೆ ತಿಳಿದ ಕಸುಬು ಭಟ್ಟಿ ಇಳಿಸುವುದು, ಅದೇ ವರ್ಷದ ಕಾಯ್ದೆಯಲ್ಲಿ ಅದು ಅಪರಾಧ. ಅಹಮದಾಬಾದಿನ ಛಾರಾನಗರದ ಹೆಸರು ಹೇಳಿದರೆ ಇಂದಿಗೂ ಗುಜರಾತಿನಲ್ಲಿ ಜನ ಮೊದಲು ನೆನೆಯುವುದು ಸಾರಾಯಿಯನ್ನು, ಆಮೇಲೆ ಪೊಲೀಸ್ ದಾಳಿಯನ್ನು. ಅಲ್ಲಿಂದ ಬಂದ ನಾಟಕಕಾರರು, ವಕೀಲರು ಆ ಹೆಸರಿನ ವಿರುದ್ಧ ದಶಕಗಳಿಂದ ಗುದ್ದಾಡುತ್ತಿದ್ದಾರೆ.

ಮೊರಾರ್ಜಿ ಇದನ್ನೆಲ್ಲ ಕಾಣದ ಮನುಷ್ಯರಲ್ಲ. ಲಂಚ ಮುಟ್ಟದವರು, ಹೇಳಿದಂತೆ ನಡೆದವರು, ಚರಕ, ಉಪವಾಸ, ಹಾಲು ಹಣ್ಣು (ಕೊನೆಗಾಲದ ಆ ಸ್ವಮೂತ್ರ ಚಿಕಿತ್ಸೆಯ ಮಾತು ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಬೆಳೆಸುವುದಿಲ್ಲ). ಕುಡಿತದಿಂದ ಬಡವರ ಮನೆ ಹಾಳಾಗುತ್ತದೆ ಎಂಬ ಅವರ ನಂಬಿಕೆ ಪುಸ್ತಕದ್ದಲ್ಲ, ನಮ್ಮ ಹಳ್ಳಿಯ ಯಾವ ಹೆಣ್ಣುಮಗಳೂ ಅದನ್ನು ಅಲ್ಲಗಳೆಯುವುದಿಲ್ಲ. ಹಾಗಿದ್ದೂ ಅವರಿಗೆ ಒಂದು ತಿಳಿಯಲಿಲ್ಲ ಎಂದು ನನಗನಿಸುತ್ತದೆ. ಅವರ ಪಾಲಿಗೆ ಜೈಲು ತಪಸ್ಸು. ಒಳಗೆ ಹೋದಾಗ ಓಣಿಯವರು ಹಾರ ಹಾಕಿದರು, ಹೊರಬಂದಾಗ ಮಂತ್ರಿ ಮಾಡಿದರು. ಗೋಧ್ರಾದ ಕೆಂಪು ಗೆರೆ ಚಳವಳಿಯ ಬೆಳಕಿನಲ್ಲಿ ಅಳಿಸಿಹೋಯಿತು. ಅದೇ ಜೈಲಿಗೆ ಕುಡಿದವನೆಂದು ಹೋಗಿ ಬಂದವನಿಗೆ ಹಾರವಿಲ್ಲ. ಅವನಿಗೆ ಗಿರಣಿಯಲ್ಲಿ ಬದಲಿ ಬಂದಿರುತ್ತದೆ, ಊರಲ್ಲಿ ಮಗಳಿಗೆ ಬಂದ ಸಂಬಂಧ ಮುರಿದಿರುತ್ತದೆ. ಎಂಟು ಹತ್ತು ಬಾರಿ ಒಳಹೋಗಿ ಬಂದವನಿಗಂತೂ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ, ಆದ್ದರಿಂದ ಹೆದರಿಕೆಯೂ ಇರುವುದಿಲ್ಲ.

ಕಾನೂನಿನ ಭಯ ಕೆಲಸವೇ ಮಾಡುವುದಿಲ್ಲ ಎಂದು ನಾನು ವಾದಿಸುವವನಲ್ಲ. ನನ್ನ ಮೇಲೆ ಮಾಡಿದೆ. ವಸತಿ ಶಾಲೆಯ ಸೀಟು ಹೋದರೆ ನನಗೆ ಹೊಲವೇ ಗತಿ ಎಂದು ಗೊತ್ತಿದ್ದುದರಿಂದ ಬೀಡಿಯನ್ನೂ ಮುಟ್ಟಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ನಮ್ಮ ಚಿಗವ್ವನ ಮನೆಯಲ್ಲಿ ಆರೇಳು ತಿಂಗಳು ಒಲೆ ಹೊತ್ತಿಗೆ ಸರಿಯಾಗಿ ಉರಿಯಿತು, ಕಾಕಾ ಅಗ್ಗದ ಬ್ರಾಂದಿಯ ಪ್ಯಾಕೆಟ್ ರೂಢಿ ಮಾಡಿಕೊಳ್ಳುವವರೆಗೆ. ಆ ಆರೇಳು ತಿಂಗಳನ್ನು ಚಿಗವ್ವ ಇಂದಿಗೂ ನೆನೆಯುತ್ತಾಳೆ. ಆದರೆ ಒಂದು ವ್ಯತ್ಯಾಸವಿದೆ. ಆ ನಿಷೇಧ ಅಂಗಡಿ ಮುಚ್ಚಿಸಿತು, ಕುಡಿದ ಕಾಕಾನನ್ನು ಠಾಣೆಗೆ ಎಳೆದೊಯ್ಯಲಿಲ್ಲ. ಮುಂಬೈ ಕಾಯ್ದೆ ಕಾಕಾನಂಥವರನ್ನೇ ಹಿಡಿಯಿತು.

ದೆಹಲಿಗೆ ಹೋದ ಮೇಲೂ ಮೊರಾರ್ಜಿ ಬದಲಾಗಲಿಲ್ಲ. 1958ರಿಂದ ಹಣಕಾಸು ಮಂತ್ರಿ. ಚೀನಾ ಯುದ್ಧದ ಬೆನ್ನಿಗೆ, 1963ರಲ್ಲಿ ಚಿನ್ನದ ನಿಯಂತ್ರಣ ತಂದು 14 ಕ್ಯಾರೆಟ್ಟಿಗಿಂತ ಶುದ್ಧವಾದ ಆಭರಣ ಮಾಡುವುದನ್ನು ತಡೆದರು. ಅಕ್ಕಸಾಲಿಗರ ಕುಲುಮೆ ಆರಿತು, ಜನರ ಚಿನ್ನದ ಆಸೆ ಆರಲಿಲ್ಲ, ಮುಂಬೈ ಕಡಲತೀರದಲ್ಲಿ ಹಾಜಿ ಮಸ್ತಾನ್ ಬೆಳೆದ. ತುರ್ತು ಪರಿಸ್ಥಿತಿಯಲ್ಲಿ 1975ರ ಜೂನ್‌ನಿಂದ 1977ರ ಜನವರಿವರೆಗೆ ಮೊರಾರ್ಜಿ ಒಂಟಿಯಾಗಿ ಬಂಧನದಲ್ಲಿದ್ದರು. ಹಾಜಿ ಮಸ್ತಾನ್ ಕೂಡ ಅದೇ ಕಾಲದಲ್ಲಿ ಬೇರೊಂದು ಕಡೆ ಕಂಬಿ ಎಣಿಸಿದ. ಹೊರಬಂದ ಮೊರಾರ್ಜಿ 81ನೆಯ ವಯಸ್ಸಿನಲ್ಲಿ ಪ್ರಧಾನಿಯಾದರು, ನಾಲ್ಕು ವರ್ಷದಲ್ಲಿ ಇಡೀ ದೇಶದಲ್ಲಿ ಪಾನನಿಷೇಧ ಎಂದು ಹೊರಟರು. 1979ರ ಜುಲೈನಲ್ಲಿ ಸರ್ಕಾರವೇ ಬಿತ್ತು. ಆ ಹೊತ್ತಿಗೆ ಮಹಾರಾಷ್ಟ್ರ 1960ರ ದಶಕದಲ್ಲೇ ಪರ್ಮಿಟ್ಟುಗಳನ್ನು ಸಡಿಲಿಸಿ ಕಾಯ್ದೆಯನ್ನು ಹೊಟ್ಟೆಯಿಲ್ಲದ ಗೊಂಬೆ ಮಾಡಿಯಾಗಿತ್ತು. ಗುಜರಾತ್ ಮಾತ್ರ ಬಿಡಲಿಲ್ಲ.

ಅಫೀಮು, ಗಾಂಜಾಗಳ ಮಾತು 1985ರಲ್ಲಿ ಬೇರೆ ದಾರಿ ಹಿಡಿಯಿತು. ಎನ್‌ಡಿಪಿಎಸ್ ಕಾಯ್ದೆ ಬಂತು. ಅದಕ್ಕೂ ಮೊದಲು ಸರ್ಕಾರಿ ಲೈಸೆನ್ಸಿನ ಗಾಂಜಾ ಅಂಗಡಿಗಳಿದ್ದವು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಅದು ಪ್ರಸಾದವೆಂದು ಪತ್ರಿಕೆಗಳು ಇತ್ತೀಚೆಗೂ ಬರೆದಿವೆ. ಹೊಸ ಕಾಯ್ದೆಯ 27ನೇ ಕಲಮಿನಲ್ಲಿ ಸೇವನೆಯೊಂದೇ ಅಪರಾಧ. ಹೆರಾಯಿನ್, ಕೊಕೇನ್ ಮುಂತಾದವಕ್ಕೆ ಒಂದು ವರ್ಷದವರೆಗೆ, ಉಳಿದವಕ್ಕೆ ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ. ಚಿಕಿತ್ಸೆಗೆ ತಾನಾಗಿ ಹೋಗುವ ವ್ಯಸನಿಗೆ 64ಎ ಕಲಮು ರಕ್ಷಣೆ ಕೊಡುತ್ತದೆ. ಆದರೆ ಅಂಥದೊಂದು ಕಲಮು ಇದೆಯೆಂದು ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ಈ ಪ್ರಶ್ನೆ ನನಗೆ ಸುಮ್ಮನೆ ಬಂದದ್ದಲ್ಲ. ನಾನು ಓದಿದ ಶಾಲೆಯಲ್ಲೇ ನನಗಿಂತ ಏಳೆಂಟು ವರ್ಷ ಹಿಂದೆ ಓದಿದ ತಮ್ಮನಂಥವನೊಬ್ಬ ಇಲ್ಲಿಗೆ ಬಂದು, ರೂಮಿನ ಗೆಳೆಯರ ಜತೆ ರಾತ್ರಿ ಗಾಂಜಾ ಸೇದುತ್ತಿದ್ದಾಗ ಸಿಕ್ಕಿಬಿದ್ದ. ಇದ್ದದ್ದು ಒಂದು ಸಿಗರೇಟಿನಷ್ಟು. ಜಾಮೀನು ಆಯಿತು, ಕೇಸು ನಡೆದಿದೆ. ಅದರ ನಡುವೆ ಅವನಿಗೆ ಬಂದ ದೊಡ್ಡ ಕಂಪನಿಯೊಂದರ ಕೆಲಸದ ಪತ್ರ, ಪೂರ್ವಾಪರ ತಪಾಸಣೆಯಲ್ಲಿ ಈ ಕೇಸು ಕಂಡದ್ದೇ ವಾಪಸ್ಸಾಯಿತು. ಅವ ಸೇದುವುದು ಬಿಟ್ಟಿದ್ದಾನೆಯೇ ಎಂದರೆ ಬಿಟ್ಟಿದ್ದಾನೆ. ಬಿಡಿಸಿದ್ದು ವಾಶಿಯ ಒಬ್ಬ ಮನೋವೈದ್ಯರು. ನಿದ್ದೆ ಬಾರದ ಕಾಯಿಲೆಗೆ ಔಷಧ ಕೊಟ್ಟು, ತಿಂಗಳುಗಟ್ಟಲೆ ಮಾತಾಡಿಸಿ. ಅಣ್ಣಾ, ಮೊದಲೇ ಯಾಕೆ ಡಾಕ್ಟರ ಹತ್ತಿರ ಹೋಗಲಿಲ್ಲ ಎಂದು ನೀವೂ ಕೇಳಬೇಡಿ ಎಂದ. ಡಾಕ್ಟರರಿಗೆ ಹೇಳಿದರೆ ಪೊಲೀಸರಿಗೆ ತಿಳಿಯುತ್ತದೆ ಎಂದು ಅವನು ನಂಬಿದ್ದ. ಭಯ ಅವನನ್ನು ತಡೆದದ್ದು ಸೇದುವುದರಿಂದಲ್ಲ, ಆಸ್ಪತ್ರೆಯ ಮೆಟ್ಟಿಲು ಹತ್ತುವುದರಿಂದ. ನನ್ನ ಟೀಮಿಗೆ ಅವನ ಹೆಸರನ್ನು ಶಿಫಾರಸು ಮಾಡಿದ್ದೇನೆ, ಕೇಸಿನ ಸಂಗತಿಯನ್ನೂ ಸೇರಿಸಿ. ಉತ್ತರ ಇನ್ನೂ ಬಂದಿಲ್ಲ.

ಮಾರುವವರನ್ನು, ಕಾಲೇಜಿನ ಗೇಟಿಗೆ ಪುಡಿ ತಂದು ಕೊಡುವವರನ್ನು ಹಿಡಿಯಲಿ, ಗಟ್ಟಿಯಾಗಿ ಹಿಡಿಯಲಿ. ನನಗೂ ಮಗಳಿದ್ದಾಳೆ. ಹಾಗೆಂದು ಸೇದಿದ ಹುಡುಗನ ಹೆಸರಿನ ಮುಂದೆ ಆರೋಪಿ ಎಂದು ಬರೆದು ಆಮೇಲೆ ಅವನಿಗೆ ಕೆಲಸ, ಬಾಡಿಗೆ ಮನೆ, ಹೆಣ್ಣು ಯಾವುದೂ ಸಿಗದಂತೆ ಮಾಡಿದರೆ ಅವನು ಹೋಗುವುದು ಎಲ್ಲಿಗೆ? ತನ್ನನ್ನು ಹೆಸರು ಕೇಳದೆ ಸೇರಿಸಿಕೊಳ್ಳುವ ಅದೇ ಅಡ್ಡಾಕ್ಕೆ. 2015ರಲ್ಲಿ ಮುಂಬೈನ ಮಾಲವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಮುಂಬೈನಲ್ಲಿ ಮದ್ಯಕ್ಕೆ ಬರಗಾಲವೇನೂ ಇರಲಿಲ್ಲ, ಲೈಸೆನ್ಸಿನ ಅಂಗಡಿ ಬೀದಿಬೀದಿಗೆ ಇತ್ತು. ಆ ಸತ್ತವರ ಜೇಬಿಗೆ ಆ ಅಂಗಡಿ ದೂರವಿತ್ತು.

ಮೊರಾರ್ಜಿ 1995ರ ಏಪ್ರಿಲ್ 10ರಂದು, 99ನೆಯ ವಯಸ್ಸಿನಲ್ಲಿ ಮುಂಬೈನಲ್ಲೇ ತೀರಿಕೊಂಡರು. ಅದಕ್ಕೂ ಮೊದಲು ಪಾಕಿಸ್ತಾನ ನಿಶಾನ್-ಎ-ಪಾಕಿಸ್ತಾನವನ್ನೂ, 1991ರಲ್ಲಿ ಭಾರತ ಭಾರತರತ್ನವನ್ನೂ ಕೊಟ್ಟಿದ್ದವು. ಅಹಮದಾಬಾದಿನಲ್ಲಿ ಸಾಬರಮತಿ ದಡದ ಅಭಯಘಾಟ್‌ನಲ್ಲಿ ಅವರ ಸಮಾಧಿ ಇದೆ. ಅದೇ ನದಿಯ ದಂಡೆಯಲ್ಲಿ ಮೇಲಕ್ಕೆ ಹೋದರೆ ಗಾಂಧಿನಗರದ ಗಿಫ್ಟ್ ಸಿಟಿ. ಅಲ್ಲಿನ ಕಂಪನಿಗಳ ನೌಕರರಿಗೆ, ಅವರ ಅತಿಥಿಗಳಿಗೆ 2023ರ ಡಿಸೆಂಬರಿನಲ್ಲಿ ಗುಜರಾತ್ ಸರ್ಕಾರ ಮದ್ಯದ ಪರ್ಮಿಟ್ ತೆರೆಯಿತು. ನನ್ನ ಹಳೆಯ ಟೀಮಿನ ಇಬ್ಬರು ಈಗ ಅಲ್ಲಿ ಕೆಲಸದಲ್ಲಿದ್ದಾರೆ. ಛಾರಾನಗರ ಅಲ್ಲಿಂದ ಕಾರಿನಲ್ಲಿ ಅರ್ಧ ಮುಕ್ಕಾಲು ತಾಸಿನ ದಾರಿ. ಅಲ್ಲಿಗೆ ಹಳೆಯ ಕಾಯ್ದೆಯೇ ಇದೆ.